ಧಾರೆಯ ಬೆಳಗ್ಗೆ ಮದುಮಗಳಿಗೆ ಮೇಕಪ್ ಬೇಕೇ?

ಹಳೆ ಮೈಸೂರಿನ ಕಡೆಯ ಎಷ್ಟೋ ಮದುವೆಗಳಲ್ಲಿ ಆರತಕ್ಷತೆ ಹಿಂದಿನ ಸಂಜೆಯೇ ನಡೆದುಹೋಗುತ್ತದೆ. ಮರುದಿನ ಬೆಳಗ್ಗೆ ಧಾರೆ. ಸಂಜೆಗೆ ಮೇಕಪ್ ಕಲಾವಿದೆಯನ್ನು ಕರೆಸುವ ಬಗ್ಗೆ ಮನೆಗಳಲ್ಲಿ ಈಗ ಹೆಚ್ಚು ಮಾತು ಬೆಳೆಯುವುದಿಲ್ಲ. ಮಾತು ಬೆಳೆಯುವುದು ಮುಹೂರ್ತದ ಬೆಳಗಿನ ಬಗ್ಗೆ. ಆ ಹೊತ್ತಿನ ಅಲಂಕಾರವನ್ನೂ ಕಲಾವಿದೆಗೇ ಒಪ್ಪಿಸಬೇಕೇ, ಅಥವಾ ಅದು ಮನೆಯ ಹೆಂಗಸರ ಕೈಯಲ್ಲಿ ಉಳಿಯಬೇಕೇ?

ಪರ

ಮುಹೂರ್ತ ಬೆಳಗ್ಗೆ 7.30ಕ್ಕೆ ಎಂದು ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕೋಣ. ವಧು 6.30ಕ್ಕೆ ಗೌರಿಪೂಜೆಗೆ ಕೂರಬೇಕು. ಸೀರೆ ಉಡಿಸಿ ಒಡವೆ ತೊಡಿಸಲು ಮುಕ್ಕಾಲು ಗಂಟೆ, ತಲೆ ಹೆಣೆದು ಮೊಗ್ಗಿನ ಜಡೆ ಕೂರಿಸಲು ಇನ್ನೊಂದು ಮುಕ್ಕಾಲು ಗಂಟೆ, ಮುಖಕ್ಕೆ ಒಂದು ಗಂಟೆ, ಮಂಗಳಸ್ನಾನ ಮುಗಿದು ಕೂದಲು ಆರಲು ಮತ್ತೊಂದು ಗಂಟೆ. ಅಲ್ಲಿಗೆ ಹುಡುಗಿ 3 ಗಂಟೆಗೆ ಏಳಬೇಕಾಯಿತು. ಈ ಮೂರೂವರೆ ಗಂಟೆಯನ್ನು ಯಾರೋ ಒಬ್ಬರು ಕೈಯಲ್ಲಿ ಹಿಡಿದು ನಡೆಸದಿದ್ದರೆ ಅದು ನಾಲ್ಕು ಜನರ ಸಲಹೆಗಳ ನಡುವೆ ಹರಿದು ಹಂಚಿಹೋಗುತ್ತದೆ. ತಾಯಿಗೆ ಆ ಬೆಳಗ್ಗೆ ಬೀಗರ ಕಾಫಿ, ಪುರೋಹಿತರು ಕೇಳುವ ಸಾಮಗ್ರಿ, ಬಾಗಿಲಿನಲ್ಲಿ ನಿಂತ ನೆಂಟರು. ಅವಳ ಮೇಲೆ ಅಲಂಕಾರದ ಹೊರೆಯನ್ನೂ ಹೊರಿಸುವುದು ನ್ಯಾಯವಲ್ಲ. ಅನುಭವವುಳ್ಳ ಕಲಾವಿದೆ ಹಿಂದಿನ ದಿನವೇ ಧಾರೆ ಸೀರೆಯ ನೆರಿಗೆ ಹಿಡಿದು, ಇಸ್ತ್ರಿ ಹಾಕಿ, ಪಿನ್ನು ಚುಚ್ಚಿ ಮಡಿಸಿಟ್ಟಿರುತ್ತಾಳೆ. ಸಂಜೆಯಾದರೆ ಬಿರಿಯತೊಡಗುವ ಮಲ್ಲಿಗೆ ಮೊಗ್ಗನ್ನು ಬೆಳಗಿನವರೆಗೆ ಒದ್ದೆ ಬಟ್ಟೆಯಲ್ಲಿ, ತಂಪಿನಲ್ಲಿ ಕಾಪಾಡುವುದು ಹೇಗೆ ಎಂಬುದೂ ಅವಳಿಗೆ ಗೊತ್ತಿರುತ್ತದೆ.

ಇನ್ನು ಮುಖದ ಕೆಲಸ. ಛತ್ರದ ದೀಪಗಳು, ಕ್ಯಾಮೆರಾದ ಫ್ಲ್ಯಾಷ್, ಹೋಮದ ಹೊಗೆ, ಧಾರೆ ಎರೆಯುವಾಗ ತಡೆಯಲಾಗದೆ ಬರುವ ಕಣ್ಣೀರು, ಇವೆಲ್ಲವೂ ಒಂದೇ ಬೆಳಗ್ಗೆ ಒಂದೇ ಮುಖದ ಮೇಲೆ ಬೀಳುತ್ತವೆ. ಮನೆಯಲ್ಲಿ ಅವಸರದಲ್ಲಿ ಬಳಿದ ಕ್ರೀಮು ಮತ್ತು ಪೌಡರು ಅರ್ಧ ಗಂಟೆಯಲ್ಲಿ ಬೆವರಿಗೆ ತೇಪೆ ತೇಪೆಯಾಗುತ್ತವೆ. ಕಾಡಿಗೆ ಕೆನ್ನೆಗೆ ಇಳಿಯುತ್ತದೆ. ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನನ್ನು ದಪ್ಪಗೆ ಹಚ್ಚಿಕೊಂಡು ಫ್ಲ್ಯಾಷ್‌ನ ಮುಂದೆ ಕೂತರೆ ಕಣ್ಣಿಗೆ ಸರಿಯಾಗಿಯೇ ಕಂಡ ಮುಖ ಫೋಟೊದಲ್ಲಿ ಬೂದಿ ಮೆತ್ತಿದಂತೆ ಬರಬಹುದು. ಅರಿಶಿನದ ಶಾಸ್ತ್ರವಾದ ಚರ್ಮದಲ್ಲಿ ಹಳದಿಯ ಛಾಯೆ ಉಳಿದಿರುತ್ತದೆ. ಫೌಂಡೇಶನ್ನಿನ ಬಣ್ಣವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಇವೆಲ್ಲ ಕಲಿತು ಮಾಡುವ ಕೆಲಸಗಳು. ಮದುವೆಗೆ ಕೆಲವು ವಾರ ಮೊದಲು ಟ್ರಯಲ್ ಮಾಡಿಸಿಕೊಂಡು, ಧಾರೆ ಸೀರೆಯ ಜೊತೆ ಹಗಲು ಬೆಳಕಿನಲ್ಲಿ ನೋಡಿ, ಬೇಕು ಬೇಡಗಳನ್ನು ಬಾಯಿಬಿಟ್ಟು ಹೇಳಿದ ಹುಡುಗಿ ಮುಹೂರ್ತದ ಬೆಳಗ್ಗೆ ನಿಶ್ಚಿಂತೆಯಿಂದ ಕೂರುತ್ತಾಳೆ. ಆ ನಿಶ್ಚಿಂತೆಗೆ ಬೆಲೆಯಿದೆ.

ಈ ವೃತ್ತಿಯ ಬಗ್ಗೆ ಹಗುರವಾಗಿ ಮಾತನಾಡುವವರು ಇನ್ನೊಂದನ್ನೂ ನೆನೆಯಬೇಕು. ಹಿಂದಿ ಚಿತ್ರರಂಗದ ಕಲಾವಿದರ ಸಂಘವೊಂದು ದಶಕಗಳ ಕಾಲ ಹೆಂಗಸರಿಗೆ ಕೇಶಾಲಂಕಾರವನ್ನು ಮಾತ್ರ ಬಿಟ್ಟು, ಮೇಕಪ್ ಕೆಲಸವನ್ನು ಗಂಡಸರಿಗೇ ಮೀಸಲಿಟ್ಟಿತ್ತು. ಅದು ಸಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2014ರ ನವೆಂಬರಿನಲ್ಲಿ. ಮದುವೆಮನೆಯಲ್ಲಾದರೋ ಈ ಕೈಕೆಲಸವನ್ನು ನೆಚ್ಚಿ ಎಷ್ಟೋ ಹೆಣ್ಣುಮಕ್ಕಳು ತಮ್ಮ ಸಂಸಾರವನ್ನು ತಾವೇ ನಡೆಸುತ್ತಿದ್ದಾರೆ. ನಡುರಾತ್ರಿ ಎರಡಕ್ಕೆ ಎದ್ದು, ಪೆಟ್ಟಿಗೆ ಹೊತ್ತು, ಇನ್ನೂ ಬೆಳಕು ಹರಿಯದ ರಸ್ತೆಯಲ್ಲಿ ಛತ್ರಕ್ಕೆ ಬರುವವರ ಶ್ರಮಕ್ಕೆ ಮರ್ಯಾದೆ ಸಲ್ಲಬೇಕು.

ವಿರೋಧ

ಮೇಲಿನ ಮಾತುಗಳಲ್ಲಿ ಸುಳ್ಳಿಲ್ಲ. ಆದರೂ ನನ್ನ ಮನಸ್ಸು ಈ ಕಡೆಗೇ ವಾಲುತ್ತದೆ, ಮತ್ತು ಅದಕ್ಕೆ ಮೊದಲ ಕಾರಣ ನಿದ್ದೆ. ಆರತಕ್ಷತೆಯಲ್ಲಿ ಮೂರು ನಾಲ್ಕು ಗಂಟೆ ನಿಂತು, ಕೊನೆಯ ಪಂಕ್ತಿಯಲ್ಲಿ ಎರಡು ತುತ್ತು ಉಂಡು, ತಲೆಯ ಪಿನ್ನುಗಳನ್ನು ಒಂದೊಂದಾಗಿ ಕಿತ್ತು, ಮುಖದ ಬಣ್ಣವನ್ನು ಎಣ್ಣೆಯಲ್ಲಿ ಒರೆಸಿ ಮಲಗುವಾಗ ಹುಡುಗಿಗೆ ಹನ್ನೆರಡು ಹೊಡೆದಿರುತ್ತದೆ. 3 ಗಂಟೆಗೆ ಅವಳನ್ನು ಎಬ್ಬಿಸುತ್ತೇವೆ. ಮಾಂಗಲ್ಯಧಾರಣೆ ಆಗುವವರೆಗೆ ಎಷ್ಟೋ ಮನೆಗಳಲ್ಲಿ ಅವಳಿಗೆ ಹಾಲು, ಬಾಳೆಹಣ್ಣು ಬಿಟ್ಟು ಬೇರೇನೂ ಇಲ್ಲ. ನಿದ್ದೆಗೆಟ್ಟ, ಹಸಿದ ದೇಹ ಹೋಮಕುಂಡದ ಮುಂದೆ ಹೊಗೆಯಲ್ಲಿ ತೂರಾಡಿದರೆ ಅದನ್ನು ಮುಚ್ಚುವ ಫೌಂಡೇಶನ್ ಯಾವುದೂ ಇಲ್ಲ. ಮುಖಕ್ಕೆಂದು ತೆಗೆದಿಟ್ಟ ಆ ಒಂದು ಗಂಟೆಯನ್ನು ನಿದ್ದೆಗೆ ಕೊಟ್ಟುನೋಡಿ. ಕಣ್ಣಿನ ಕೆಳಗಿನ ಕಪ್ಪಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

ಎರಡನೆಯ ಕಾರಣ ನನಗೆ ಇನ್ನೂ ದೊಡ್ಡದು. ನಮ್ಮ ಮದುವೆಯ ಶಾಸ್ತ್ರಗಳು ಮುಟ್ಟುವ ಶಾಸ್ತ್ರಗಳು. ಮುತ್ತೈದೆಯರು ಕೆನ್ನೆಗೆ ಅರಿಶಿನ ಹಚ್ಚುತ್ತಾರೆ, ನೆತ್ತಿಗೆ ಎಣ್ಣೆ ಒತ್ತುತ್ತಾರೆ, ಹಣೆಗೆ ಬಾಸಿಂಗ ಕಟ್ಟುತ್ತಾರೆ. ಅಂತರಪಟ ಸರಿದೊಡನೆ ವಧೂವರರು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ-ಬೆಲ್ಲ ಇಡುತ್ತಾರೆ. ಆಮೇಲೆ ಸಭೆಯೆಲ್ಲ ಎದ್ದು ಅಕ್ಷತೆ ಹಾಕುತ್ತದೆ. ಗಂಟೆಗಟ್ಟಲೆ ಕೂತು ಬರೆಸಿಕೊಂಡ ಮುಖ, ಸ್ಪ್ರೇ ಹೊಡೆದು ನಿಲ್ಲಿಸಿದ ಕೂದಲು ಇವನ್ನೆಲ್ಲ ಸಹಿಸುವುದಿಲ್ಲವಾದ್ದರಿಂದ ಶಾಸ್ತ್ರಗಳೇ ತಮ್ಮನ್ನು ಕುಗ್ಗಿಸಿಕೊಳ್ಳುತ್ತಿವೆ. ತಲೆಗೆ ಎಣ್ಣೆ ಬೇಡ, ಜಡೆ ನಿಲ್ಲುವುದಿಲ್ಲ; ಅರಿಶಿನವನ್ನು ಗಲ್ಲಕ್ಕೆ ಬೆರಳ ತುದಿಯಷ್ಟೇ ಮುಟ್ಟಿಸಿ; ಅಜ್ಜಿ ಮುತ್ತಿಡಲು ಬಂದರೆ ಮುಖವನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಹುಡುಗಿ ತನ್ನ ಮುಖಕ್ಕೆ ತಾನೇ ಕಾವಲುಗಾರಳಾಗಿ ಕೂರುವಂತಾಗಿದೆ.

ನನ್ನ ಅಕ್ಕನ ಮಗಳ ಮದುವೆ ಮೈಸೂರಿನ ಒಂದು ಛತ್ರದಲ್ಲಿ ನಡೆಯಿತು. ಬೆಳಗಿನ ಜಾವ ನಾಲ್ಕರ ಸುಮಾರಿಗೆ ವಧುವಿನ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಒಳಗೆ ಕಲಾವಿದೆ, ಅವಳ ಸಹಾಯಕಿ, ವಿಡಿಯೊ ತೆಗೆಯುವ ಹುಡುಗ. ಅಕ್ಕ ಹಸಿರು ಗಾಜಿನ ಬಳೆ, ಹರಳಿನ ಡಬ್ಬಿಯಲ್ಲಿದ್ದ ಕುಂಕುಮ, ತನ್ನ ಅತ್ತೆ ಕೊಟ್ಟಿದ್ದ ಹಳೆಯ ಜಡೆಬಿಲ್ಲೆ ಇಟ್ಟ ತಟ್ಟೆಯನ್ನು ಹಿಡಿದು ಎರಡು ಸಲ ಬಾಗಿಲು ತಟ್ಟಿದಳು. ಎರಡು ಸಲವೂ ಒಳಗಿನಿಂದ, ಹತ್ತು ನಿಮಿಷ ಆಂಟಿ, ಎಂಬ ಉತ್ತರ ಬಂತು. ಯಾರದೂ ತಪ್ಪಿರಲಿಲ್ಲ, ಅವರು ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡುತ್ತಿದ್ದರು. ಆದರೆ ಇಪ್ಪತ್ತೈದು ವರ್ಷ ಮಗಳ ತಲೆ ಬಾಚಿದ ಕೈ ಆ ಬೆಳಗ್ಗೆ ಬಾಗಿಲ ಹೊರಗೆ ನಿಂತಿತ್ತು, ಮತ್ತು ನಾನು ಅದನ್ನು ಮರೆತಿಲ್ಲ.

ಬಣ್ಣದ ವಿಷಯವನ್ನೂ ಹೇಳಲೇಬೇಕು. ಇರುವ ಬಣ್ಣವನ್ನೇ ಗೌರವಿಸುವ ಕಲಾವಿದೆಯರಿದ್ದಾರೆ. ಆದರೂ ಮಂಟಪದಲ್ಲಿ ಬೆಳ್ಳಗಾದ ಮುಖ ಒಂದು ಕಡೆ, ಧಾರೆಗೆ ಚಾಚಿದ ಎಣ್ಣೆಗಪ್ಪು ಕೈ ಇನ್ನೊಂದು ಕಡೆ ಕಾಣುವ ಮದುವೆಗಳನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಹಾಗೆ ಮಾಡಿ ಎಂದು ಕೇಳುವವರು ಎಷ್ಟೋ ಸಲ ಮನೆಯವರೇ ಎಂಬುದು ನಿಜ. ತನ್ನ ಮೈಬಣ್ಣ ಈ ದಿನಕ್ಕೆ ಸಾಲದು ಎಂಬ ಮಾತನ್ನು ಹುಡುಗಿಯೊಬ್ಬಳಿಗೆ ಅಗ್ನಿಸಾಕ್ಷಿಯಾಗಿ ಹೇಳಿದಂತಾಗುತ್ತದೆ. ಅದು ನನಗೆ ತೀರಾ ನೋವಿನ ಸಂಗತಿ.

ಚರ್ಮದ ಆರೋಗ್ಯದ ಬಗ್ಗೆ ಎರಡು ಮಾತು. ರೆಪ್ಪೆಗೂದಲು ಅಂಟಿಸುವ ಗೋಂದು ಕೆಲವರಿಗೆ ಒಗ್ಗುವುದಿಲ್ಲ. ಸ್ಟಿಕರ್ ಬಿಂದಿಯ ಅಂಟಿನಿಂದ ಹಣೆಯಲ್ಲಿ ತುರಿಕೆ, ಕೆಲವೊಮ್ಮೆ ಬಿಳಿ ಮಚ್ಚೆ ಬರುವುದುಂಟು. ಬೇಗ ಕಪ್ಪಾಗಲೆಂದು ಪ್ಯಾರಾಫಿನೈಲೀನ್‌ಡೈಅಮೀನ್ ಎಂಬ ರಾಸಾಯನಿಕ ಬೆರೆಸಿದ ಮೆಹಂದಿ ಕೈಯಲ್ಲಿ ಬೊಬ್ಬೆ ಎಬ್ಬಿಸಬಲ್ಲದು. ನಿಜವಾದ ಗೋರಂಟಿ ಒಂದೆರಡು ದಿನದಲ್ಲಿ ತಾನಾಗಿಯೇ ಕಡುಗೆಂಪಾಗುತ್ತದೆ, ಆದ್ದರಿಂದ ಅದನ್ನು ಮದುವೆಗೆ ಎರಡು ದಿನ ಮೊದಲೇ ಹಚ್ಚಬೇಕು. ಹೊಸದಾದ ಯಾವುದನ್ನೇ ಆಗಲಿ, ಮೊದಲು ಮೊಣಕೈ ಒಳಬದಿಯಲ್ಲಿ ಸ್ವಲ್ಪ ಹಚ್ಚಿ ಎರಡು ದಿನ ನೋಡದೆ ಮುಖಕ್ಕೆ ತರಬಾರದು.

ಹಾಗಾದರೆ ಬೆಳಗ್ಗೆ ಏನು ಮಾಡಬೇಕು? ಆರತಕ್ಷತೆಯ ಸಂಜೆ ಕಲಾವಿದೆಯದಾಗಲಿ, ಅವಳಿಗೆ ಕೂಲಿಯೂ ಮರ್ಯಾದೆಯೂ ತುಂಬಾ ಸಲ್ಲಲಿ. ಮೊಗ್ಗಿನ ಜಡೆ ಕೂರಿಸುವುದು ಮನೆಯಲ್ಲಿ ಯಾರಿಗೂ ಬಾರದಿದ್ದರೆ ಬೆಳಗ್ಗೆಯೂ ಅದಕ್ಕಷ್ಟೇ ಕರೆಸೋಣ. ಉಳಿದದ್ದು ಮನೆಯವರಿಗಿರಲಿ: ತೆಳುವಾದ ಕ್ರೀಮು, ಕಾಡಿಗೆ, ಕುಂಕುಮ, ಬಿಳಿ ಮೈಗೆ ಕೆಂಪು ಅಂಚಿನ ಧಾರೆ ಸೀರೆ, ಕೆನ್ನೆಯ ಮೇಲೊಂದು ದೃಷ್ಟಿಬೊಟ್ಟು. ಹುಡುಗಿ 4 ಗಂಟೆಗೆ ಏಳಲಿ. ಕೋಣೆಯ ಬಾಗಿಲು ತೆರೆದಿರಲಿ. ಸೋದರಮಾವ ಮಂಟಪಕ್ಕೆ ಕರೆದೊಯ್ಯಲು ಬರುವ ಮೊದಲು, ಕೊನೆಯ ಪಿನ್ನು ಸಿಕ್ಕಿಸುವ ಕೈ ಅವಳ ತಾಯಿಯದಾಗಿರಲಿ.