ಆ ವಚನ ಅಕ್ಕಮಹಾದೇವಿಯದಲ್ಲ

'ಮೊಲೆ ಮುಡಿ ಬಂದಡೆ ಹೆಣ್ಣೆಂಬರು' ಎಂಬ ವಚನ ಅಕ್ಕನ ಚಿತ್ರದ ಜೊತೆ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಕೆಳಗೊಂದು ಸಾಲು ಬೇರೆ: 'ಶರಣರಲ್ಲಿ ಗಂಡು ಹೆಣ್ಣೆಂಬ ಭೇದವೇ ಇರಲಿಲ್ಲ.' ಎರಡನ್ನೂ ಸ್ವಲ್ಪ ತಿದ್ದಬೇಕು.

ವಚನದ ಕೊನೆ ನೋಡಿ. ಅಲ್ಲಿರುವುದು 'ರಾಮನಾಥಾ'. ಅದು ಜೇಡರ ದಾಸಿಮಯ್ಯನ ಅಂಕಿತ, ಅಂದರೆ ವಚನದಲ್ಲಿ ಸಹಿಯಂತೆ ಬರುವ ದೇವರ ಹೆಸರು. ಅಕ್ಕನದಾಗಿದ್ದರೆ ಚೆನ್ನಮಲ್ಲಿಕಾರ್ಜುನ ಇರಬೇಕಿತ್ತು ಅಲ್ವಾ? ಗಡ್ಡ ಮೀಸೆ ಬಂದರೆ ಗಂಡು ಅನ್ನುತ್ತಾರೆ, ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಎಂದು ಹೇಳಿದವನು ಬಟ್ಟೆ ನೇಯುತ್ತಿದ್ದ ಗಂಡಸು.

ಗೊಂದಲಕ್ಕೆ ಇನ್ನೊಂದು ಕಾರಣವೂ ಇರಬಹುದು. ಹೆಚ್ಚುಕಡಿಮೆ ಇದೇ ಮಾತಿನಿಂದ ಶುರುವಾಗುವ ವಚನ ಒಬ್ಬ ಶರಣೆಯದೂ ಇದೆ. ಧೂಪದ ಕಾಯಕದ ಗೊಗ್ಗವ್ವೆಯದು, ಅಂಕಿತ ನಾಸ್ತಿನಾಥ. ದಾಸಿಮಯ್ಯ ತೀರ್ಪು ಕೊಟ್ಟುಬಿಡುತ್ತಾನೆ. ಗೊಗ್ಗವ್ವೆ ಮಾತ್ರ ಜ್ಞಾನ ಹೆಣ್ಣೋ ಗಂಡೋ ಎಂದು ಕೇಳಿ ಸುಮ್ಮನಾಗುತ್ತಾಳೆ. ನನಗಂತೂ ಅವಳ ಪ್ರಶ್ನೆಯೇ ಜಾಸ್ತಿ ಹಿಡಿಸುತ್ತದೆ.

ಇನ್ನು ಭೇದವೇ ಇರಲಿಲ್ಲ ಅನ್ನುವ ಮಾತು. ಹೆಂಗಸರು ಇಷ್ಟಲಿಂಗ ಕಟ್ಟಿದರು, ವಚನ ಬರೆದರು, ನಿಜ. ಗಂಡ ಮಾರಯ್ಯ ಜಾಸ್ತಿ ಅಕ್ಕಿ ಆಯ್ದು ತಂದಾಗ, ವಾಪಸ್ ಸುರಿದು ಬಾ ಎಂದವಳು ಶರಣೆ ಆಯ್ದಕ್ಕಿ ಲಕ್ಕಮ್ಮ. ಆದರೆ 'ಶರಣ ಸತಿ, ಲಿಂಗ ಪತಿ' ಎಂಬ ಕಲ್ಪನೆಯಲ್ಲಿ ಗಂಡಸೂ ಹೆಂಡತಿಯಾಗುತ್ತಾನೆ, ಒಡೆಯ ಮಾತ್ರ ಗಂಡನಾಗಿಯೇ ಉಳಿಯುತ್ತಾನೆ. ಶರಣರ ಸಂವಾದಗಳನ್ನು ಹೇಳುವ ಶೂನ್ಯಸಂಪಾದನೆಯಲ್ಲಿ ಕಲ್ಯಾಣಕ್ಕೆ ಬಂದ ಅಕ್ಕನಿಗೆ ಅಲ್ಲಮ ಕೇಳುವುದೂ ಗಂಡನ ಗುರುತನ್ನೇ. ಅಂಥ ಪ್ರಶ್ನೆ ದಾಸಿಮಯ್ಯನಿಗೆ ಯಾರೂ ಹಾಕಿದಂತಿಲ್ಲ.