ಅದು ಸ್ಮಾರ್ಟ್ ಸಿಟಿದು ಸಾರ್

ಮೊನ್ನೆ ಮಳೆ ನಿಂತ ಮೇಲೆ ಬಿಳಿ ಪಂಚೆ ಉಟ್ಟು ಮದುವೆ ಊಟಕ್ಕೆ ಹೊರಟಿದ್ದೆ. ಬಸ್ ಸ್ಟಾಪಿನ ಹತ್ತಿರ ಫುಟ್‌ಪಾತಿನ ಒಂದು ಕಲ್ಲಿನ ಮೇಲೆ ಕಾಲಿಟ್ಟೆ ನೋಡಿ, ಕಲ್ಲು ಈ ಕಡೆ ತಗ್ಗಿ ಆ ಕಡೆ ಎದ್ದು, ಸಂದಿನಿಂದ ಕೆಸರು ಪಿಚಕ್ಕನೆ ಮೊಣಕಾಲಿನ ತನಕ ಹಾರಿತು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದವಳು ತಲೆಯನ್ನೂ ಎತ್ತದೆ, "ಅದರ ಮೇಲೆ ಕಾಲಿಡಬಾರ್ದು ಸಾರ್, ಅದು ಸ್ಮಾರ್ಟ್ ಸಿಟಿದು" ಅಂದಳು.

ಸ್ಮಾರ್ಟ್ ಅಂದರೆ ಅಲ್ಲಾಡುವಂಥದ್ದು. ಈ ಅರ್ಥ ಇನ್ನೂ ಯಾವ ನಿಘಂಟಿಗೂ ಹತ್ತಿಲ್ಲ.

ನಮ್ಮ ಬಾಯಲ್ಲಿ ಈ ಪದಕ್ಕೆ ಮೊದಲಿನಿಂದಲೂ ಇದ್ದದ್ದು ಎರಡೇ ಕೆಲಸ. ಒಂದು, ಮದುವೆ ಮಾತುಕತೆಯಲ್ಲಿ. "ಹುಡುಗ ಸ್ಮಾರ್ಟಾಗಿದಾನೆ" ಅಂದರೆ ಬಣ್ಣ ಪರವಾಗಿಲ್ಲ, ಹೊಟ್ಟೆ ಇನ್ನೂ ಬಂದಿಲ್ಲ, ಶರ್ಟಿಗೆ ಇಸ್ತ್ರಿ ಇದೆ ಅಂತ. ಬುದ್ಧಿಯ ವಿಷಯ ಅಲ್ಲಿ ಬರೋದೇ ಇಲ್ಲ, ಅದು ಮದುವೆ ಆದಮೇಲೆ ತಿಳಿಯುತ್ತೆ. ಇನ್ನೊಂದು, ಬೈಗುಳದಲ್ಲಿ. ಐದು ರೂಪಾಯಿ ಚಿಲ್ಲರೆ ವಾಪಸ್ ಕೇಳಿದವನಿಗೆ ಕಂಡಕ್ಟರ್ "ಓವರ್ ಸ್ಮಾರ್ಟ್ ಆಗ್ಬೇಡಿ" ಅನ್ನುತ್ತಾರಲ್ಲ, ಅದು. ಚೆಂದ ಇಲ್ಲವೇ ಅಧಿಕಪ್ರಸಂಗ, ಇಷ್ಟರಲ್ಲೇ ನೆಮ್ಮದಿಯಾಗಿದ್ದೆವು.

2015ರ ಜೂನ್ 25ರಂದು ಸರ್ಕಾರ ಈ ಪದವನ್ನು ಕೈಗೆತ್ತಿಕೊಂಡಿತು. ಸ್ಮಾರ್ಟ್ ಸಿಟಿ ಮಿಷನ್ನಿನ ಮಾರ್ಗಸೂಚಿ ಓದಿದ್ದೀರಾ? ಓದಲೇಬೇಕು. ಸ್ಮಾರ್ಟ್ ಸಿಟಿ ಅಂದರೇನು ಅಂತ ಅದರಲ್ಲೇ ಪ್ರಶ್ನೆ ಇದೆ. ಎಲ್ಲರೂ ಒಪ್ಪುವಂಥ ವ್ಯಾಖ್ಯೆ ಇಲ್ಲ ಅಂತ ಅದರಲ್ಲೇ ಉತ್ತರವೂ ಇದೆ. ಎಂಥ ಪ್ರಾಮಾಣಿಕತೆ! ಹತ್ತನೇ ಕ್ಲಾಸಿನ ಹುಡುಗ ಪರೀಕ್ಷೆಯಲ್ಲಿ ಹೀಗೆ ಬರೆದರೆ ಸೊನ್ನೆ. ಇಲ್ಲಿ 100 ನಗರ, 8,000ಕ್ಕೂ ಹೆಚ್ಚು ಕಾಮಗಾರಿ, ಸುಮಾರು 1.6 ಲಕ್ಷ ಕೋಟಿ ರೂಪಾಯಿ. ಏನು ಕಟ್ಟುತ್ತಿದ್ದೇವೆ ಅಂತ ಗೊತ್ತಿಲ್ಲದಿದ್ದರೆ, ಕಟ್ಟಿದ್ದು ಸರಿಯಾಗಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ.

ನಮ್ಮ ರಾಜ್ಯಕ್ಕೆ ಸಿಕ್ಕಿದ್ದು ಏಳು: ದಾವಣಗೆರೆ, ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು, ಬೆಂಗಳೂರು. ನನ್ನದು ಈ ಏಳರಲ್ಲಿ ಒಂದು. ಯಾವುದು ಅಂತ ಹೇಳಲ್ಲ. ಏಳೂ ಊರಿನವರು ತಮ್ಮದೇ ಅಂದುಕೊಂಡು ಓದಲಿ, ತಪ್ಪೇನೂ ಆಗಲ್ಲ. ಊರಿಗೆ ಕೇಂದ್ರದ 500 ಕೋಟಿ, ರಾಜ್ಯದ್ದೂ ಅಷ್ಟೇ, ಐದು ವರ್ಷದ ಗಡುವು. ಗಡುವು 2023ಕ್ಕೆ ಹೋಯಿತು, 2024ಕ್ಕೆ ಹೋಯಿತು, ಕೊನೆಗೆ 2025ರ ಮಾರ್ಚ್ 31ಕ್ಕೆ ನಿಂತಿತು. ಊರಿಗೊಂದು ಕಂಪನಿಯೂ ಹುಟ್ಟಿತು. ಅದರ ಬೋರ್ಡಿನಲ್ಲಿ ಊರಿನ ಹೆಸರಿನ ಮುಂದೆ 'ಸ್ಮಾರ್ಟ್ ಸಿಟಿ ಲಿಮಿಟೆಡ್' ಅಂತಿರುತ್ತದೆ. ಎಲ್ಲ ಬಿಟ್ಟು ಆ ಕೊನೆಯ ಪದವನ್ನು ಮಾತ್ರ ಚಾಚೂ ತಪ್ಪದೆ ಜಾರಿ ಮಾಡಿದರು.

ಪಂಚೆ ನೆನೆಹಾಕಿ ಇಂಗ್ಲಿಷ್ ನಿಘಂಟು ತೆಗೆದೆ. (ಊಟ ತಪ್ಪಿದ ಸಿಟ್ಟಿಗೆ ಮನುಷ್ಯ ಏನೇನೋ ಓದುತ್ತಾನೆ.) ಸ್ಮಾರ್ಟ್ ಅನ್ನೋದು ಹಳೇ ಪದ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅದಕ್ಕೆ ಇದ್ದ ಅರ್ಥ ನೋವು, ಉರಿ, ಚುಚ್ಚಿದ ಹಾಗಾಗೋದು. ಜಾಣತನ, ಅಂದಚೆಂದ ಎಲ್ಲ ಆಮೇಲೆ ಬಂದು ಸೇರಿದ್ದು. ಗಾಯಕ್ಕೆ ಸ್ಪಿರಿಟ್ ಹಚ್ಚಿದರೆ ಆಗುತ್ತಲ್ಲ, ಅದಕ್ಕೆ ಇವತ್ತಿಗೂ ಆ ಪದ ಸಲ್ಲುತ್ತದೆ. ತಮಾಷೆ ಅಂದರೆ ನಮ್ಮ 'ಚುರುಕು' ಕೂಡ ಹೀಗೇ. ಹುಡುಗನೂ ಚುರುಕು, ಬಿಸಿಲೂ ಚುರುಕು. ಇಷ್ಟು ಸರಿಯಾದ ಪದ ಮನೆಯಲ್ಲೇ ಇಟ್ಟುಕೊಂಡು ಯಾರೂ 'ಚುರುಕು ನಗರ' ಅನ್ನಲಿಲ್ಲವಲ್ಲ! ನಮ್ಮ ಸ್ಮಾರ್ಟ್ ಬಸ್ ಸ್ಟಾಪಿನ ಸ್ಟೀಲ್ ಬೆಂಚಿನ ಮೇಲೆ ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಕೂತವರು ಕೂತಲ್ಲೇ ಅನುವಾದ ಮಾಡಿಬಿಡುತ್ತಿದ್ದರು.

ಆ ಸ್ಟಾಪಿನಲ್ಲಿ ಬಸ್ ಬರುವ ಹೊತ್ತು ತೋರಿಸುವ ಬೋರ್ಡಿದೆ. ಹೋದ ದೀಪಾವಳಿಯಿಂದ ಅದರಲ್ಲಿ 4:17. ಮೊಬೈಲ್ ಚಾರ್ಜ್ ಮಾಡುವ ತೂತಿದೆ, ಅದರೊಳಗೆ ಗುಟ್ಕಾ ಚೀಟಿ. ಹೂವಿನವಳು ಒಂದು ತುದಿಯ ದಾರವನ್ನು ಆ ಬೋರ್ಡಿನ ಕಂಬಕ್ಕೇ ಕಟ್ಟಿಕೊಂಡಿದ್ದಾಳೆ. ಇಡೀ ಯೋಜನೆಯಲ್ಲಿ ನಾನು ಕಂಡ ಹಾಗೆ ದಿನವೂ ಕೆಲಸಕ್ಕೆ ಬರುತ್ತಿರುವುದು ಆ ಕಂಬವೊಂದೇ.

ಸ್ಮಾರ್ಟ್‌ಗೆ 'ಜಾಣ' ಅಂದರೂ ನಡೆಯುತ್ತಿತ್ತು ಅನ್ನಿ. ಮೂಲೆಮೂಲೆಗೂ ಕ್ಯಾಮೆರಾ ಇದೆ, ಕಸ ಸುರಿಯುವವನು ಮಾತ್ರ ಕಾಣಲ್ಲ: ಜಾಣ ಕುರುಡು. ಸಹಾಯವಾಣಿ ಇದೆ: ಜಾಣ ಕಿವುಡು. ಹಾಸಿದ ಕಲ್ಲನ್ನು ಆರೇ ತಿಂಗಳಿಗೆ ಒಳಚರಂಡಿಗಾಗಿ ಕಿತ್ತರು: ಜಾಣ ಮರೆವು.

ಅದೇ ಫುಟ್‌ಪಾತಿನಲ್ಲಿ ಕಣ್ಣು ಕಾಣದವರು ಪಾದದಿಂದ ದಾರಿ ತಿಳಿಯಲಿ ಅಂತ ಉಬ್ಬು ಗೆರೆಯ ಹಳದಿ ಟೈಲ್ಸ್ ಹಾಕಿದ್ದಾರೆ. ಅದನ್ನೇ ಹಿಡಿದು ನಡೆದೆ. ನಲವತ್ತು ಹೆಜ್ಜೆ ಆದಮೇಲೆ ಅದು ನೆಟ್ಟಗೆ ಟ್ರಾನ್ಸ್‌ಫಾರ್ಮರಿನ ಬೇಲಿಗೆ ಹೋಗಿ ನಿಂತಿತು. ಇಲ್ಲಿ ನನಗೆ ತಮಾಷೆ ಮಾಡಲು ಆಗುತ್ತಿಲ್ಲ. ಆ ಬೇಲಿ ಮೊದಲೇ ಅಲ್ಲಿತ್ತು. ಒಬ್ಬ ಟೈಲ್ಸ್ ಕೂರಿಸಿದ, ಒಬ್ಬರು ಟೇಪ್ ಹಿಡಿದು ಅಳೆದರು, ಒಬ್ಬರು ಕಾಮಗಾರಿಯ ಅಳತೆ ಪುಸ್ತಕದಲ್ಲಿ ಬರೆದರು, ಒಬ್ಬರು ಬಿಲ್ಲಿಗೆ ಸಹಿ ಹಾಕಿದರು. ನಾಲ್ಕು ಜನ, ಎಂಟು ಕಣ್ಣು. ಕುರುಡರ ದಾರಿಯಲ್ಲಿ ಒಬ್ಬರೂ ಒಂದು ಸಲ ನಡೆದು ನೋಡಲಿಲ್ಲ. ಥೂ.

ಅಲ್ಲಾಡುವ ಕಲ್ಲಿನ ಬಗ್ಗೆ ಆ್ಯಪಿನಲ್ಲಿ ಫೋಟೋ ಸಮೇತ ದೂರು ಕೊಟ್ಟಿದ್ದೆ. ಮೂರನೇ ದಿನ ಮೆಸೇಜ್ ಬಂತು: ನಿಮ್ಮ ದೂರನ್ನು ಪರಿಹರಿಸಲಾಗಿದೆ. ಹೋಗಿ ನೋಡಿದರೆ ಕಲ್ಲಿನ ಸಂದಿಗೆ ಯಾರೋ ಒಂದು ಬೇವಿನ ಕೊಂಬೆ ಸಿಕ್ಕಿಸಿದ್ದರು.

"ಇಲಾಖೆಯವರು ಬಂದಿದ್ರಾ?" ಅಂತ ಹೂವಿನವಳನ್ನು ಕೇಳಿದೆ.

"ಯಾವ ಇಲಾಖೆ ಸಾರ್? ನಾನೇ ಸಿಕ್ಕಿಸಿದ್ದು" ಅಂದಳು. "ಕೆಸರು ಹಾರಿದ್ರೆ ನನ್ನ ಮಲ್ಲಿಗೆ ಮೇಲೂ ಬೀಳ್ತದೆ."