ಜೈಲಿನ ಲೆಕ್ಕ ಬಡವರ ನಡತೆಯ ಲೆಕ್ಕವಲ್ಲ: ಒಂದು ಸ್ಪಷ್ಟನೆ

‘ಜೈಲುಗಳಲ್ಲಿ ತುಂಬಿರುವವರು ಬಡವರೇ, ಆದ್ದರಿಂದ ಅಪರಾಧ ಎಸಗುವವರೂ ಬಡವರೇ’ ಎಂಬ ಸಂದೇಶ ಹರಿದಾಡುತ್ತಿದೆ. ಈ ತೀರ್ಮಾನ ಸರಿಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ, ಅಂದರೆ ಮುಕ್ಕಾಲು ಪಾಲು, ಅಪರಾಧ ಇನ್ನೂ ಸಾಬೀತಾಗದ ವಿಚಾರಣಾಧೀನ ಕೈದಿಗಳು. ಜಾಮೀನು ಮಂಜೂರಾದರೂ ಶ್ಯೂರಿಟಿ (ಆರೋಪಿ ಕೋರ್ಟಿಗೆ ಹಾಜರಾಗುತ್ತಾನೆಂದು ಬೇರೊಬ್ಬರು ಹೊರುವ ಹೊಣೆ) ನೀಡುವವರಿಲ್ಲದೆ ಒಳಗೇ ಉಳಿದವರೂ ಇವರಲ್ಲಿದ್ದಾರೆ. ಇದು ಹೊಸ ಸಂಗತಿಯೇನಲ್ಲ: ಮಧ್ಯಪ್ರದೇಶದ ಗಾರೆ ಕೆಲಸಗಾರನೊಬ್ಬನಿಗೆ ಕೆಳ ನ್ಯಾಯಾಲಯ 10,000 ರೂಪಾಯಿಯ ಶ್ಯೂರಿಟಿ ಕೇಳಿ, ಶ್ಯೂರಿಟಿಗೆ ಬಂದ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅದನ್ನೂ ತಿರಸ್ಕರಿಸಿದಾಗ, 1978ರಲ್ಲಿ ಸುಪ್ರೀಂ ಕೋರ್ಟ್ ಆತನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡುವಂತೆ ಆದೇಶಿಸಿತು. ವೈಯಕ್ತಿಕ ಹೊಣೆಯನ್ನು ಇಲ್ಲಿ ಯಾರೂ ಅಲ್ಲಗಳೆಯುತ್ತಿಲ್ಲ. ಕದ್ದವನು, ಬಡವನಾಗಲಿ ಧನಿಕನಾಗಲಿ, ಉತ್ತರಿಸಲೇಬೇಕು. ಆದರೆ ಕದ್ದನೋ ಇಲ್ಲವೋ ಎಂದು ನ್ಯಾಯಾಲಯ ಹೇಳುವ ಮೊದಲೇ ಕೈದಿಗಳ ತಲೆ ಎಣಿಸಿ ಇಡೀ ವರ್ಗದ ಮೇಲೆ ಅಪರಾಧ ಹೊರಿಸುವುದಕ್ಕೆ ಈ ಅಂಕಿಗಳಲ್ಲಿ ಆಧಾರವಿಲ್ಲ.